ಕೊಲೆಗಾರ ಯಾರೆಂದು ಗೊತ್ತಾದ ಮೇಲೆ

ತಾಳಮದ್ದಳೆಗೆ ಹೋದವರು ವಾಲಿ ಉಳಿಯುತ್ತಾನೋ ಸಾಯುತ್ತಾನೋ ಎಂದು ತಿಳಿಯಲು ಹೋಗುವುದಿಲ್ಲ. ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯಗಳು ಹಲವರಿಗೆ ಬಾಯಿಪಾಠ. ಆದರೂ ರಾತ್ರಿಯಿಡೀ ಕೂರುತ್ತಾರೆ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಎಂಬುದರಲ್ಲೇ ಅವರ ಆಸಕ್ತಿ. ಅಮೆರಿಕದ ಟಿವಿ ಸರಣಿ ‘ಕೊಲಂಬೊ’ ನೋಡುವಾಗಲೆಲ್ಲ ನನಗೆ ಆ ಪ್ರೇಕ್ಷಕರು ನೆನಪಾಗುತ್ತಾರೆ. ಅದರಲ್ಲಿ ಕೊಲೆ ನಡೆಯುವುದು ನಮ್ಮ ಕಣ್ಣೆದುರೇ. ಯಾರು ಕೊಂದರು, ಏಕೆ ಕೊಂದರು, ಸುಳಿವುಗಳನ್ನು ಹೇಗೆ ಅಳಿಸಿದರು ಎಂಬುದೆಲ್ಲ ಮೊದಲ ಕಾಲು ಭಾಗದಲ್ಲೇ ಮುಗಿದಿರುತ್ತದೆ. ಆಮೇಲೆ ಸುಕ್ಕುಗಟ್ಟಿದ ರೇನ್‌ಕೋಟು, ಅರ್ಧ ಸೇದಿದ ಚುಟ್ಟಾ, ಹಳೆಯ ಪ್ಯೂಜೊ ಕಾರಿನೊಂದಿಗೆ ಲೆಫ್ಟಿನೆಂಟ್ ಕೊಲಂಬೊ ಬರುತ್ತಾನೆ. ಉಳಿದದ್ದೆಲ್ಲ ಇಬ್ಬರ ನಡುವಿನ ಮಾತು.

ಈ ಸರಣಿಯ ಬಗ್ಗೆ ಮಾತು ಬಂದಾಗ ಜನ ಕೊಲಂಬೊ ಆಗಿ ನಟಿಸಿದ ಪೀಟರ್ ಫಾಕ್‌ನನ್ನು ನೆನೆಯುತ್ತಾರೆ, ಕೊಲೆಗಾರರಾಗಿ ಬಂದ ನಟರನ್ನು ನೆನೆಯುತ್ತಾರೆ. ನಿರ್ದೇಶಕರ ಹೆಸರು ಬರುವುದು ಅಪರೂಪ, ಬಂದರೂ ಸ್ಪೀಲ್‌ಬರ್ಗ್ ಒಬ್ಬರದೇ. ಅಮೆರಿಕದ ಟಿವಿಯಲ್ಲಿ ಕಂತಿನ ನಿರ್ದೇಶಕ ಕೂಲಿಗೆ ಬಂದ ಕಸುಬುದಾರ, ಕಥೆ, ಪಾತ್ರ, ಧಾಟಿ ಎಲ್ಲವೂ ಅವನು ಬರುವ ಮೊದಲೇ ತೀರ್ಮಾನವಾಗಿರುತ್ತವೆ ಎಂಬ ತಿಳಿವಳಿಕೆ ಇದಕ್ಕೆ ಕಾರಣ. ‘ಕೊಲಂಬೊ’ ಮಟ್ಟಿಗೆ ಈ ತಿಳಿವಳಿಕೆ ತಪ್ಪು ಎಂಬುದು ನನ್ನ ವಾದ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ನಿರ್ದೇಶಕನಿಗೆ ಬಚ್ಚಿಡುವುದೇ ಕೆಲಸ. ಇಲ್ಲಿ ಬಚ್ಚಿಡಲು ಏನೂ ಇಲ್ಲ, ತೋರಿಸುವುದಷ್ಟೇ ಇದೆ. ಏನು ತೋರಿಸಬೇಕು, ಯಾರ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಕೊಲೆಗಾರನ ಬಗ್ಗೆ ನಮ್ಮಲ್ಲಿ ಎಂಥ ಭಾವ ಹುಟ್ಟಬೇಕು ಎಂಬುದನ್ನು ನಿರ್ಧರಿಸುವವನು ಅವನೇ.

ಸರಣಿಯನ್ನು ಹುಟ್ಟುಹಾಕಿದವರು ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್, ಶಾಲಾ ದಿನಗಳಿಂದಲೂ ಜೊತೆಯಾಗಿ ಬರೆದ ಗೆಳೆಯರು. ಅಪರಾಧವನ್ನು ಮೊದಲು ತೋರಿಸಿ ಪತ್ತೆಯನ್ನು ಆಮೇಲೆ ಹೇಳುವ ಈ ತಲೆಕೆಳಗು ಕ್ರಮವನ್ನು ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ 1912ರಲ್ಲೇ ತಮ್ಮ ಕಥಾಸಂಕಲನವೊಂದರಲ್ಲಿ ತಂದಿದ್ದರು. ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೋವನನ್ನು ಮಾತಿನಲ್ಲೇ ಕಾಡುವ ಪೋರ್ಫಿರಿ ಕೊಲಂಬೊ ಪಾತ್ರಕ್ಕೆ ಪ್ರೇರಣೆಯಾದ. 1960ರ ಟಿವಿ ನಾಟಕವೊಂದರಲ್ಲಿ ಕಾಣಿಸಿಕೊಂಡ ಈ ಪಾತ್ರ 1962ರಲ್ಲಿ ರಂಗಭೂಮಿಗೆ ಬಂತು, 1968ರ ‘ಪ್ರಿಸ್ಕ್ರಿಪ್ಷನ್: ಮರ್ಡರ್’ ಟಿವಿ ಚಿತ್ರದಲ್ಲಿ ಫಾಕ್‌ಗೆ ದಕ್ಕಿತು. 1971ರಿಂದ 1978ರವರೆಗೆ ಎನ್‌ಬಿಸಿಯಲ್ಲಿ ಬಂದವು, ಆರಂಭದ ಎರಡು ಚಿತ್ರಗಳೂ ಸೇರಿ, 45 ಕಂತುಗಳು. 1989ರಿಂದ 2003ರವರೆಗೆ ಎಬಿಸಿಯಲ್ಲಿ ಇನ್ನೂ 24. ಈ ಪರಂಪರೆಯ ಜೀವ ಇರುವುದು ಮೊದಲ 45ರಲ್ಲಿ.

ಈ ಕಂತುಗಳ ನಿರ್ದೇಶಕರಲ್ಲಿ ನನಗೆ ಮೂರು ಬಗೆಯವರು ಕಾಣುತ್ತಾರೆ: ಕ್ಯಾಮೆರಾದಲ್ಲಿ ಯೋಚಿಸುವವರು, ನಟರಾಗಿದ್ದು ನಿರ್ದೇಶನಕ್ಕೆ ಬಂದವರು, ಕರುಣೆಯನ್ನು ಕಸುಬಾಗಿಸಿಕೊಂಡವರು.

ಮೊದಲ ಬಗೆಯಲ್ಲಿ ಸ್ಪೀಲ್‌ಬರ್ಗ್ ಹೆಸರು ಬರಲೇಬೇಕು. 1971ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ‘ಮರ್ಡರ್ ಬೈ ದಿ ಬುಕ್’ ನಿರ್ದೇಶಿಸಿದಾಗ ಅವರಿಗೆ 24 ವರ್ಷ. ಲಾಸ್ ಏಂಜಲೀಸ್‌ನ ರಸ್ತೆಯಲ್ಲಿ ಒಂದು ಕಾರು ಬರುತ್ತದೆ. ಎಂಜಿನ್ನಿನ ಸದ್ದಿಲ್ಲ, ಬೀದಿಯ ಸದ್ದಿಲ್ಲ. ಕೇಳಿಸುವುದು ಟೈಪ್‌ರೈಟರಿನ ಟಕಟಕ ಮಾತ್ರ. ಎತ್ತರದ ಕಟ್ಟಡದ ಕೋಣೆಯೊಂದರಲ್ಲಿ ಪತ್ತೇದಾರಿ ಲೇಖಕನೊಬ್ಬ ಬರೆಯುತ್ತಿದ್ದಾನೆ, ಅವನೊಂದಿಗೆ ಹೆಸರು ಹಂಚಿಕೊಂಡ ಜೊತೆಗಾರ ಅವನನ್ನು ಕೊಲ್ಲಲು ಬರುತ್ತಿದ್ದಾನೆ. ಒಬ್ಬನ ದುಡಿಮೆಯ ಸದ್ದು ಇನ್ನೊಬ್ಬನ ಪ್ರಯಾಣದ ಮೇಲೆ ಬಿದ್ದಾಗ ಇಬ್ಬರ ಸಂಬಂಧವೇ ನಮಗೆ ತಿಳಿದುಹೋಗುತ್ತದೆ: ಬರೆಯುವವನು ಒಬ್ಬ, ಅದರ ಮೇಲೆ ಸವಾರಿ ಮಾಡುವವನು ಇನ್ನೊಬ್ಬ. ಒಂದು ಮಾತಿನ ನೆರವೂ ಇಲ್ಲದೆ ಕಥೆಯ ಬೇರನ್ನು ತೋರಿಸಿದ ಈ ಆರಂಭಕ್ಕೆ ಇಡೀ ಸರಣಿಯಲ್ಲಿ ಸಾಟಿಯಿಲ್ಲ. ಕ್ಯಾಮೆರಾ ಹಿಡಿದವರು ಆರ್ಸನ್ ವೆಲ್ಸ್‌ರ ‘ಟಚ್ ಆಫ್ ಈವಿಲ್’ ಚಿತ್ರಿಸಿದ್ದ ರಸೆಲ್ ಮೆಟ್ಟಿ. ಬರೆದವರು ಮುಂದೆ ‘ಹಿಲ್ ಸ್ಟ್ರೀಟ್ ಬ್ಲೂಸ್’ ಸೃಷ್ಟಿಸಿದವರಲ್ಲೊಬ್ಬರಾದ ಸ್ಟೀವನ್ ಬಾಚ್ಕೊ.

ಆದರೂ ಇದನ್ನು ಸರಣಿಯ ಶಿಖರವೆಂದು ನಾನು ಒಪ್ಪಲಾರೆ. ಕೊಲಂಬೊ ಬಂದು ಮಾತು ಶುರುವಾದ ಮೇಲೆ ಸ್ಪೀಲ್‌ಬರ್ಗ್ ಕಣ್ಣಿಗೆ ಕೆಲಸ ಕಡಿಮೆಯಾಗುತ್ತದೆ. ಜ್ಯಾಕ್ ಕ್ಯಾಸಿಡಿಯ ಕೊಲೆಗಾರ ಮೊದಲಿಂದ ಕೊನೆಯವರೆಗೆ ನಗುಮುಖದ ಸೊಗಸುಗಾರನಾಗಿಯೇ ಉಳಿಯುತ್ತಾನೆ. ಅವನನ್ನು ಹಿಡಿಯುವ ಕೊನೆಯ ಸುಳಿವೂ ತೆಳುವಾದದ್ದು. ಆರಂಭ ಕೊಟ್ಟ ಭರವಸೆಯನ್ನು ಅಂತ್ಯ ಈಡೇರಿಸುವುದಿಲ್ಲ.

ಅದೇ ವರ್ಷ ಬರ್ನಾರ್ಡ್ ಕೊವಾಲ್ಸ್ಕಿ ನಿರ್ದೇಶಿಸಿದ ‘ಡೆತ್ ಲೆಂಡ್ಸ್ ಎ ಹ್ಯಾಂಡ್’ನಲ್ಲಿ ಇನ್ನೊಂದು ಅಪರೂಪದ ಗಳಿಗೆಯಿದೆ. ಖಾಸಗಿ ಪತ್ತೇದಾರ ಸಂಸ್ಥೆಯ ಒಡೆಯ ಕೋಪದ ಭರದಲ್ಲಿ ಕೊಂದುಬಿಡುತ್ತಾನೆ. ಹೆಣ ಸಾಗಿಸಿ ಗುರುತು ಅಳಿಸುವುದನ್ನು ನಾವು ನೋಡುವುದು ಅವನ ಕನ್ನಡಕದ ಗಾಜುಗಳಲ್ಲಿ. ಮುಖ ಅಲುಗಾಡುವುದಿಲ್ಲ, ಗಾಜಿನೊಳಗೆ ಮಾತ್ರ ಎಲ್ಲವೂ ನಡೆಯುತ್ತದೆ. ಮಾಡುವ ಕೈಗಿಂತ ನೋಡುವ ಕಣ್ಣಿನಲ್ಲೇ ಪಾಪ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಟಿವಿಯಲ್ಲಿ ಸಿಗುವುದು ಕಷ್ಟ. ಈ ಕಂತಿನ ಸಂಕಲನಕ್ಕೆ ಎಡ್ವರ್ಡ್ ಅಬ್ರಾಮ್ಸ್ ಎಮ್ಮಿ ಪ್ರಶಸ್ತಿ ಪಡೆದರು, ಮುಂದೆ ತಾವೇ ಎರಡು ಕಂತು ನಿರ್ದೇಶಿಸಿದರು. ರಾಬರ್ಟ್ ಬಟ್ಲರ್ 1974ರ ‘ಪಬ್ಲಿಷ್ ಆರ್ ಪೆರಿಷ್’ನಲ್ಲಿ ಪರದೆಯನ್ನೇ ಹೋಳು ಮಾಡಿ, ಒಂದೆಡೆ ಕೊಲೆಯನ್ನೂ ಇನ್ನೊಂದೆಡೆ ಕೊಲೆ ಮಾಡಿಸಿದವನ ಕುಡುಕ ವೇಷವನ್ನೂ ಒಟ್ಟಿಗೆ ತೋರಿಸಿದರು. ತಂತ್ರ ಜಾಣತನದ್ದು. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಕನ್ನಡಕದ ಗಾಜು.

ಎರಡನೆಯ ಬಗೆಯವರು ನಟರು. ಕೊಲಂಬೊ ಕಂತು ಇಬ್ಬರ ಜಟಾಪಟಿಯ ಮೇಲೆ ನಿಂತಿರುವುದರಿಂದ, ಇನ್ನೊಬ್ಬ ನಟನಿಗೆ ಉಸಿರಾಡಲು ಎಷ್ಟು ಜಾಗ ಬೇಕು ಎಂದು ಬಲ್ಲವರೇ ಇಲ್ಲಿ ಗೆದ್ದರು. ಫಾಕ್, ಜಾನ್ ಕಸಾವೆಟಿಸ್, ಬೆನ್ ಗಝಾರಾ ಮೂವರೂ 1970ರ ‘ಹಸ್ಬೆಂಡ್ಸ್’ ಚಿತ್ರದಲ್ಲಿ ಜೊತೆಯಾಗಿದ್ದ ಗೆಳೆಯರು. ಗಝಾರಾ 1974ರಲ್ಲಿ ನಿರ್ದೇಶಿಸಿದ ‘ಎ ಫ್ರೆಂಡ್ ಇನ್ ಡೀಡ್’ ಸರಣಿಯ ಅತ್ಯಂತ ಕತ್ತಲೆಯ ಕಂತು. ಕೊಲೆಗಾರ ಕೊಲಂಬೊನ ಮೇಲಧಿಕಾರಿ, ಪೊಲೀಸ್ ಇಲಾಖೆಯ ಉಪ ಕಮಿಷನರ್. ಮಾಮೂಲಿನ ತಲೆ ಕೆರೆದುಕೊಳ್ಳುವ ವಿನಯ ಇಲ್ಲಿ ನಾಟಕವಾಗಿ ಉಳಿಯುವುದಿಲ್ಲ, ಕೆಳಗಿನವನು ಮೇಲಿನವನೆದುರು ನಿಲ್ಲಬೇಕಾದ ನಿಜವಾದ ಭಯವಾಗುತ್ತದೆ. ನಿಕೋಲಸ್ ಕೊಲಸಾಂಟೊ ಕಸಾವೆಟಿಸ್‌ಗೆ ‘ಎಟ್ಯೂಡ್ ಇನ್ ಬ್ಲ್ಯಾಕ್’ನಲ್ಲಿ, ಗಾಯಕ ಜಾನಿ ಕ್ಯಾಶ್‌ಗೆ ‘ಸ್ವಾನ್ ಸಾಂಗ್’ನಲ್ಲಿ ಅವಕಾಶ ಮಾಡಿಕೊಟ್ಟರು. ಪೂರ್ಣಾವಧಿ ನಟನಲ್ಲದ ಕ್ಯಾಶ್‌ನಿಂದ ನಟನೆ ಕೇಳದೆ, ಆ ದೇಹದ ಭಾರವನ್ನೂ ದನಿಯ ದಣಿವನ್ನೂ ಹಾಗೆಯೇ ಬಿಟ್ಟಿದ್ದು ಅವರ ವಿವೇಕ.

ಪ್ಯಾಟ್ರಿಕ್ ಮಗೂಹನ್ ವಿಷಯದಲ್ಲಿ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಅವರು ನಾಲ್ಕು ಕಂತುಗಳಲ್ಲಿ ಕೊಲೆಗಾರರಾಗಿ ನಟಿಸಿ ಅದರಲ್ಲಿ ಎರಡಕ್ಕೆ ಎಮ್ಮಿ ಪಡೆದರು, ಐದು ಕಂತು ನಿರ್ದೇಶಿಸಿದರು. 1976ರ ‘ಲಾಸ್ಟ್ ಸೆಲ್ಯೂಟ್ ಟು ದಿ ಕಮಡೋರ್’ನಲ್ಲಿ ಅವರು ಸರಣಿಯ ಕಟ್ಟನ್ನೇ ಮುರಿದರು. ಕೊಲೆಗಾರ ಯಾರೆಂದು ಹೇಳದೆ, ಕೊನೆಗೆ ಎಲ್ಲರನ್ನೂ ಒಂದೆಡೆ ಕೂರಿಸಿ ಗುಟ್ಟು ಬಿಚ್ಚಿಸಿದರು. ಪ್ರಯೋಗ ಮಾಡಿದ್ದು ತಪ್ಪಲ್ಲ. ಆದರೆ ಎದುರಾಳಿ ಯಾರೆಂದು ಗೊತ್ತಿಲ್ಲದ ಕೊಲಂಬೊ ಯಾರನ್ನು ಕಾಡಬೇಕು? ಎದುರಿಗೆ ಅರ್ಥಧಾರಿಯೇ ಇಲ್ಲದ ತಾಳಮದ್ದಳೆಯಂತೆ ಫಾಕ್ ಒಬ್ಬರೇ ವಿಚಿತ್ರ ಹಾವಭಾವಗಳಲ್ಲಿ ಕಳೆದುಹೋಗುತ್ತಾರೆ. ಪರಂಪರೆಯನ್ನು ಮುರಿಯುವವನಿಗೆ ಅದು ಯಾವುದರ ಮೇಲೆ ನಿಂತಿದೆ ಎಂಬುದು ಮೊದಲು ತಿಳಿದಿರಬೇಕು.

ಹಿಗ್ಗಿಸುವುದು ಈ ಪರಂಪರೆಯ ಇನ್ನೊಂದು ದೋಷ. ಕೆಲವು ಕಂತುಗಳನ್ನು ಎರಡು ಗಂಟೆಯ ಅವಧಿಗೆ ಎಳೆದಾಗ ಎಳೆದದ್ದು ಎದ್ದು ಕಾಣುತ್ತದೆ. ರಿಚರ್ಡ್ ಕ್ವೈನ್ ಲಂಡನ್ನಿನಲ್ಲಿ ಚಿತ್ರಿಸಿದ ‘ಡ್ಯಾಗರ್ ಆಫ್ ದಿ ಮೈಂಡ್’ನಲ್ಲಿ ಕೊಲಂಬೊ ಪ್ರವಾಸಿಯಂತೆ ಊರು ನೋಡುತ್ತಾ ತಿರುಗುತ್ತಾನೆ, ಕಥೆ ನಿಂತಲ್ಲೇ ನಿಂತಿರುತ್ತದೆ. ಎಬಿಸಿ ಕಾಲದ ಹೆಚ್ಚಿನ ಕಂತುಗಳಲ್ಲಿ ಬೆಳಕು ಚಪ್ಪಟೆಯಾಯಿತು, ಫಾಕ್ ನಟನೆಯಲ್ಲಿ ಹಾಸ್ಯದ ಪಾಲು ಹೆಚ್ಚಿತು. ಮಗೂಹನ್‌ರ ‘ಅಜೆಂಡಾ ಫಾರ್ ಮರ್ಡರ್’ ಬಿಟ್ಟರೆ ಅಲ್ಲಿ ನಿಂತು ನೋಡುವಂಥದ್ದು ಕಡಿಮೆ.

ಮೂರನೆಯ ಬಗೆಗೆ ಬರುತ್ತೇನೆ. ನನ್ನ ಮಟ್ಟಿಗೆ ‘ಕೊಲಂಬೊ’ ಅಂದರೆ ಇವರೇ. ಕೊಲೆಗಾರ ಯಾರೆಂದು ಮೊದಲೇ ಹೇಳಿದ ಕಥೆಯಲ್ಲಿ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಹಿಡಿದ ಮೇಲೆ ಆ ಮನುಷ್ಯನನ್ನು ಹೇಗೆ ನೋಡಬೇಕು? ಇದನ್ನು ಕೇಳಿಕೊಂಡ ನಿರ್ದೇಶಕರು ಕೆಲವರೇ.

ಲಿಯೊ ಪೆನ್ 1973ರಲ್ಲಿ ನಿರ್ದೇಶಿಸಿದ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ನ ಕೊಲೆಗಾರ ವೈನ್ ತಯಾರಿಯನ್ನೇ ಧರ್ಮವಾಗಿಸಿಕೊಂಡ ಏಡ್ರಿಯನ್ ಕಾರ್ಸಿನಿ. ತೋಟ ಮಾರಲು ಹೊರಟ ಮಲತಮ್ಮನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ ಸಾಯಿಸುತ್ತಾನೆ. ಆ ದಿನಗಳ ಸೆಕೆಗೆ ಕೆಟ್ಟುಹೋದ ವೈನ್ ಅವನನ್ನು ಹಿಡಿದುಕೊಡುತ್ತದೆ, ಅದು ಕೆಟ್ಟಿದೆಯೆಂದು ಗುರುತಿಸಿದ್ದು ಅವನದೇ ನಾಲಗೆ. ಸಿಕ್ಕಿಬಿದ್ದ ಮೇಲೆ ಕೊಲಂಬೊ ಅವನನ್ನು ಕಾರಿನಲ್ಲಿ ಕರೆದೊಯ್ಯುತ್ತಾ ಆ ತೋಟದ ಮುಂದೆ ನಿಲ್ಲಿಸಿ ಒಂದು ಬಾಟಲಿ ತೆರೆಯುತ್ತಾನೆ. ಇಬ್ಬರೂ ಕುಡಿಯುತ್ತಾರೆ. ಪೆನ್ ಅಲ್ಲಿ ಅವಸರ ಮಾಡುವುದಿಲ್ಲ. ಹಿಡಿದವನೂ ಸಿಕ್ಕಿಬಿದ್ದವನೂ ಒಂದು ರುಚಿಯನ್ನು ಹಂಚಿಕೊಂಡ ಗಳಿಗೆ ಅದು.

ಇದರ ಎದುರಿಗೆ ಜಾನಥನ್ ಡೆಮ್ಮಿಯ 1978ರ ‘ಮರ್ಡರ್ ಅಂಡರ್ ಗ್ಲಾಸ್’ ಇಟ್ಟು ನೋಡಬೇಕು. ಅಲ್ಲಿಯೂ ಕೊನೆಗೆ ಕೊಲಂಬೊ ಕೊಲೆಗಾರನಿಗಾಗಿ ಅಡುಗೆ ಮಾಡುತ್ತಾನೆ, ಅಲ್ಲಿಯೂ ವೈನ್ ಇದೆ. ಆದರೆ ಹೋಟೆಲುಗಳನ್ನು ಹೆದರಿಸಿ ದುಡ್ಡು ಕೀಳುವ ಆ ವಿಮರ್ಶಕನ ಬಗ್ಗೆ ಕೊಲಂಬೊಗೆ ಅಸಹ್ಯ, ಅದನ್ನು ಮುಖಕ್ಕೇ ಹೇಳುತ್ತಾನೆ. ಒಂದೇ ಸಾಮಗ್ರಿ, ಒಂದೇ ಪಾತ್ರ. ನಿರ್ದೇಶಕ ಬದಲಾದಾಗ ಹಂಚಿಕೊಂಡ ಊಟದ ಅರ್ಥವೇ ತಿರುವುಮುರುವಾಯಿತು.

ಇನ್ನೊಂದು ಜೋಡಿಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಜೇಮ್ಸ್ ಫ್ರಾಲಿ 1977ರಲ್ಲಿ ನಿರ್ದೇಶಿಸಿದ ‘ಟ್ರೈ ಅಂಡ್ ಕ್ಯಾಚ್ ಮಿ’ಯಲ್ಲಿ ರೂತ್ ಗಾರ್ಡನ್ ವಯಸ್ಸಾದ ಪತ್ತೇದಾರಿ ಲೇಖಕಿ. ತನ್ನ ಮುದ್ದಿನ ಸೋದರ ಸೊಸೆಯ ಸಾವಿಗೆ ಅವಳ ಗಂಡನೇ ಕಾರಣ ಎಂದು ನಂಬಿ, ಅವನನ್ನು ತಿಜೋರಿ ಕೋಣೆಯಲ್ಲಿ ಕೂಡಿಹಾಕಿ ಕೊಲ್ಲುತ್ತಾಳೆ. ನಾವೂ ಕೊಲಂಬೊನೂ ಅವಳನ್ನು ಇಷ್ಟಪಡುವಂತೆ ಫ್ರಾಲಿ ಮಾಡುತ್ತಾರೆ. ಕೊನೆಗೆ ಅವಳು ತನ್ನ ವಯಸ್ಸು ನೋಡಿ ಬಿಟ್ಟುಬಿಡಲಾಗದೇ ಎಂದು ಕೇಳುತ್ತಾಳೆ. ಕೊಲಂಬೊ ಆಗದು ಎನ್ನುತ್ತಾನೆ. ಪ್ರೀತಿ ಇದ್ದೂ ಕರ್ತವ್ಯ ಬಿಡದ ನಿಲುವು ಅದು.

ಹಾರ್ವಿ ಹಾರ್ಟ್ 1975ರಲ್ಲಿ ನಿರ್ದೇಶಿಸಿದ ‘ಫರ್ಗಾಟನ್ ಲೇಡಿ’ಯಲ್ಲಿ ಜಾನೆಟ್ ಲೀ ಮರೆತುಹೋದ ತಾರೆ. ಮತ್ತೆ ರಂಗಕ್ಕೆ ಬರಲು ಹಣ ಕೊಡದ ಗಂಡನನ್ನು ಕೊಲ್ಲುತ್ತಾಳೆ. ಕೊಲೆಯ ರಾತ್ರಿ ಅವಳು ಮನೆಯಲ್ಲೇ ತನ್ನ ಹಳೆಯ ಚಿತ್ರ ನೋಡುತ್ತಿದ್ದಳು. ರೀಲು ತುಂಡಾಗಿ ನಿಂತಾಗ ಅವಳು ಅಲ್ಲಿರಲಿಲ್ಲ ಎಂಬುದನ್ನು ಕೊಲಂಬೊ ನಿಮಿಷಗಳ ಲೆಕ್ಕದಲ್ಲಿ ಹಿಡಿಯುತ್ತಾನೆ. ಹಾರ್ಟ್ ತೋರಿಸುವ ಆ ಚಿತ್ರ 1953ರಲ್ಲಿ ಜಾನೆಟ್ ಲೀಯೇ ನಟಿಸಿದ ‘ವಾಕಿಂಗ್ ಮೈ ಬೇಬಿ ಬ್ಯಾಕ್ ಹೋಮ್’. ಹೀಗಾಗಿ ಪರದೆಯ ಮೇಲಿನ ಯೌವನವೂ ಅದನ್ನು ನೋಡುವ ಮುಖವೂ ಒಬ್ಬಳದೇ. ಅವಳು ಮಾರಕ ಕಾಯಿಲೆಯಿಂದ ಸಾಯುತ್ತಿದ್ದಾಳೆ, ಮಾಡಿದ್ದು ಅವಳಿಗೆ ನೆನಪೂ ಇಲ್ಲ. ಅವಳನ್ನು ಪ್ರೀತಿಸಿದ ಹಳೆಯ ಜೊತೆಗಾರ ಕೊಲೆ ಮಾಡಿದ್ದು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಅದು ಸುಳ್ಳೆಂದು ಕೊಲಂಬೊಗೆ ಗೊತ್ತು. ಆದರೂ ಅವನನ್ನೇ ಕರೆದುಕೊಂಡು ಹೋಗುತ್ತಾನೆ. ಅವಳಿಗೆ ಉಳಿದಿರುವ ಕಾಲ ಆ ಸುಳ್ಳು ಬಯಲಾಗುವಷ್ಟು ಉದ್ದವಿಲ್ಲ.

ಫ್ರಾಲಿಯ ಮುಕ್ತಾಯ ನ್ಯಾಯವಾದದ್ದು. ಹಾರ್ಟ್‌ನದು ಅದಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಕರುಣೆಗಾಗಿ ಕಾನೂನು ಕೆಲಕಾಲ ಪಕ್ಕಕ್ಕೆ ಸರಿಯಬೇಕು, ಅದು ಅಗ್ಗದ ಕಣ್ಣೀರೂ ಆಗಬಾರದು. ಹಾರ್ಟ್ ಅದನ್ನು ಸಾಧಿಸಿದ್ದು ದನಿ ಏರಿಸದೆ. ಅದಕ್ಕೂ ಮೊದಲು, 1974ರ ‘ಬೈ ಡಾನ್ಸ್ ಅರ್ಲಿ ಲೈಟ್’ನಲ್ಲಿ, ಸೈನಿಕ ಶಾಲೆಯ ಕರ್ನಲ್‌ನ ಒಂಟಿತನವನ್ನೂ ಅವರು ಹೀಗೆಯೇ ನೋಡಿದ್ದರು. ಬೆಳಗಿನ ಜಾವ ಕಿಟಕಿಯಲ್ಲಿ ತೂಗಿದ ಸೇಬಿನ ರಸದ ಪಾತ್ರೆಯೊಂದು ಅಲ್ಲಿ ಸುಳಿವು. ಅದನ್ನು ಕರ್ನಲ್ ಶಿಸ್ತಿನ ಕಣ್ಣಿನಿಂದ ಕಂಡ, ಆ ಶಿಸ್ತೇ ಅವನನ್ನು ಕೊಲೆಗಾರನನ್ನಾಗಿಯೂ ಮಾಡಿತು.

ಈ ಸರಣಿಯ ಲೋಕ ಶ್ರೀಮಂತರ ಬಂಗಲೆಗಳಾಚೆ ಹೋಗಲಿಲ್ಲ, ಲಾಸ್ ಏಂಜಲೀಸ್‌ನ ಬಡ ಬೀದಿಗಳನ್ನು ಅದು ನೋಡಿದ್ದು ಕಡಿಮೆ. ಆ ಕೊರತೆ ನಿಜ. ಆದರೆ ತಾನು ಆರಿಸಿಕೊಂಡ ಸಣ್ಣ ಅಂಗಳದಲ್ಲಿ ಮನುಷ್ಯರನ್ನು ಕೊನೆಯವರೆಗೆ ನೋಡಬೇಕೆಂಬ ಹಟ ಅದರ ಒಳ್ಳೆಯ ನಿರ್ದೇಶಕರಿಗಿತ್ತು. ಆ ಹಟದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವರು, ಸ್ಪೀಲ್‌ಬರ್ಗ್‌ಗಿಂತಲೂ ಮುಂದೆ, ಟೊರಾಂಟೊದಿಂದ ಬಂದ ಹಾರ್ವಿ ಹಾರ್ಟ್ ಎಂಬುದು ನನ್ನ ತೀರ್ಮಾನ. ಕೊಲಂಬೊ ಎಬಿಸಿಯಲ್ಲಿ ಮರಳಿ ಬಂದ 1989ರಲ್ಲೇ ಅವರು ತೀರಿಕೊಂಡರು. ಅವರು ನಿರ್ದೇಶಿಸಿದ ಕೊಲಂಬೊ ಕಂತುಗಳು ನಾಲ್ಕೇ.