ಶಾಸ್ತ್ರಗ್ರಂಥದಲ್ಲಿ ಕಥೆಯ ಔಚಿತ್ಯ

ಕನ್ನಡದಲ್ಲಿ ವಿಜ್ಞಾನಗ್ರಂಥಗಳಿಲ್ಲವೆಂಬ ಕೊರಗು ಈಗ ಮೊದಲಿನಷ್ಟಿಲ್ಲ. ಇರುವ ಗ್ರಂಥಗಳನ್ನು ಓದುವವರಿಲ್ಲವೆಂಬ ಕೊರಗು ಮಾತ್ರ ಉಳಿದಿದೆ. ಇದಕ್ಕೆ ಪರಿಹಾರವಾಗಿ ಶಾಸ್ತ್ರವನ್ನು ಕಥಾರೂಪದಿಂದ ಹೇಳತಕ್ಕದ್ದೆಂದು ಕೆಲವರು ವಿಧಿಸುತ್ತಾರೆ. ಕಥೆಯು ಭಾವವನ್ನು ಕೆರಳಿಸಿ ಪ್ರಮಾಣವನ್ನು ಮರೆಯಿಸುವುದಾದ್ದರಿಂದ ಅದಕ್ಕೆ ಶಾಸ್ತ್ರದಲ್ಲಿ ಎಡೆಯೇ ಇರಬಾರದೆಂದು ಬೇರೆ ಕೆಲವರು ನಿಷೇಧಿಸುತ್ತಾರೆ. ಉಭಯಪಕ್ಷದವರೂ ಕಥೆಯೆಂದರೆ ಕಹಿಮದ್ದಿಗೆ ಸವರುವ ಬೆಲ್ಲವೆಂದೇ ಭಾವಿಸಿದಂತಿದೆ. ಬೆಲ್ಲವನ್ನು ಸವರಬೇಕೆ, ಬಾರದೆ ಎಂಬುದಷ್ಟೇ ಅವರ ವಿವಾದ. ಕಥೆಯೇ ಮದ್ದಾಗಬಹುದೆಂಬುದನ್ನು ಇಬ್ಬರೂ ಗಮನಿಸಿದಂತೆ ಕಾಣುವುದಿಲ್ಲ.

ಭಾಸ್ಕರಾಚಾರ್ಯರು ಕ್ರಿ. ಶ. 1150ರಲ್ಲಿ ರಚಿಸಿದ ‘ಲೀಲಾವತಿ’ಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅದರಲ್ಲೊಂದು ಲೆಕ್ಕವುಂಟು. 9 ಮೊಳ ಎತ್ತರದ ಕಂಬ; ಬುಡದಲ್ಲಿ ಹಾವಿನ ಬಿಲ, ತುದಿಯಲ್ಲಿ ನವಿಲು. 27 ಮೊಳ ದೂರದಿಂದ ಹಾವು ಬಿಲದ ಕಡೆಗೆ ಬರುತ್ತಿರುವುದನ್ನು ಕಂಡು ನವಿಲು ಓರೆಯಾಗಿ ಅದರ ಮೇಲೆರಗಿತು. ಎರಡೂ ಕ್ರಮಿಸಿದ ದೂರವು ಸಮವಾದರೆ, ಬಿಲದಿಂದ ಎಷ್ಟು ಮೊಳದಾಚೆ ಅವು ಸಂಧಿಸಿದುವು? 12 ಮೊಳವೆಂಬುದು ಉತ್ತರ. ಹಾವು ಹರಿದದ್ದೂ ನವಿಲು ಹಾರಿದ್ದೂ 15 ಮೊಳ. ಈ ಪುಟ್ಟ ಕಥೆಯಲ್ಲಿ ವ್ಯರ್ಥವಾದ ಅಂಶವಾವುದೂ ಇಲ್ಲ. ಕಂಬವೇ ಕೋಟಿ, ನೆಲವೇ ಭುಜ, ನವಿಲಿನ ಹಾರಾಟವೇ ಕರ್ಣ. ಹಾವು ಬಿಲವನ್ನು ಸೇರೀತೆ ಎಂಬ ಬಾಲಕನ ಕುತೂಹಲಕ್ಕೂ ಕರ್ಣವೆಷ್ಟು ಎಂಬ ಗಣಿತಜ್ಞನ ಜಿಜ್ಞಾಸೆಗೂ ಇಲ್ಲಿ ಭೇದವಿಲ್ಲ. ಕಥೆಯನ್ನು ಕಿತ್ತರೆ ಲೆಕ್ಕವೂ ಕಿತ್ತುಬರುವುದು.

ಇದೇ ಗ್ರಂಥವನ್ನು ಕುರಿತು ಮತ್ತೊಂದು ಕಥೆಯು ಮನೆಮಾತಾಗಿದೆ. ಲೀಲಾವತಿಯು ಆಚಾರ್ಯರ ಮಗಳಂತೆ. ಆಕೆಯ ವಿವಾಹಮುಹೂರ್ತವನ್ನು ಅಳೆಯಲು ನೀರಿನಲ್ಲಿಟ್ಟ ಗಳಿಗೆಬಟ್ಟಲಿಗೆ ಆಭರಣದ ಮುತ್ತೊಂದು ಬಿದ್ದು ರಂಧ್ರವನ್ನು ಮುಚ್ಚಿತಂತೆ. ಲಗ್ನವು ಮೀರಿಹೋಗಲು ತಂದೆಯು ಮಗಳ ಸಮಾಧಾನಕ್ಕಾಗಿ ಗ್ರಂಥಕ್ಕೆ ಆಕೆಯ ಹೆಸರನ್ನಿಟ್ಟನಂತೆ. ಭಾಸ್ಕರರ ಗ್ರಂಥದಲ್ಲಿ ಈ ವೃತ್ತಾಂತವಿಲ್ಲ. ನಾನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಮೇಲೆ, 1587ರಲ್ಲಿ, ಅಕ್ಬರನ ಆಸ್ಥಾನಕವಿ ಫೈಜಿಯು ರಚಿಸಿದ ಪಾರಸೀ ಅನುವಾದದಲ್ಲಿ ಇದು ಕಾಣಬರುತ್ತದೆ. ಕಥೆಯು ಕರುಣರಸಭರಿತವಾದುದೇ ಸರಿ. ಆದರೆ ಸಾವಿರ ಸಲ ಕೇಳಿದರೂ ಇದರಿಂದ ಒಂದು ಕೂಡುವ ಲೆಕ್ಕವೂ ಬಾರದು. ಮುತ್ತನ್ನು ಬಲ್ಲವರು ಅನೇಕರು, ನವಿಲನ್ನು ಬಲ್ಲವರು ವಿರಳ. ಶಾಸ್ತ್ರದೊಳಗಣ ಕಥೆಯನ್ನು ತೊರೆದು ಶಾಸ್ತ್ರದ ಹೊರಗಣ ಕಥೆಯನ್ನು ಹಿಡಿದುಕೊಂಡದ್ದರ ಫಲವಿದು.

ಪ್ರಯೋಗಶಾಸ್ತ್ರದಲ್ಲಿಯೂ ಈ ವಿವೇಕವು ಅವಶ್ಯಕ. ನಾಟ್ಯಶಾಸ್ತ್ರಜ್ಞರು ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳನ್ನು ಹೇಳಿದ್ದಾರೆ. ಮಲೇರಿಯ ಜ್ವರವು ಹರಡುವ ಬಗೆಯನ್ನು ರೊನಾಲ್ಡ್ ರಾಸ್ ಕಂಡುಹಿಡಿದ ಚರಿತ್ರೆಯಲ್ಲಿ ಈ ಐದೂ ಸಹಜವಾಗಿಯೇ ಇವೆ. ಸೊಳ್ಳೆಯು ಈ ರೋಗದ ವಾಹಕವಾಗಿರಬಹುದೆಂದು 1894ರಲ್ಲಿ ಮ್ಯಾನ್ಸನ್ ಅವನಿಗೆ ಸೂಚಿಸಿದ್ದು ಆರಂಭ. 1895ರಿಂದ ಎರಡು ವರ್ಷ ಕಾಲ ಬೂದುಬಣ್ಣದ ಸೊಳ್ಳೆಗಳನ್ನು ಸೀಳಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಏನನ್ನೂ ಕಾಣದೆ ಹೋದದ್ದು ಯತ್ನ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಚುಕ್ಕೆರೆಕ್ಕೆಯ ಬೇರೊಂದು ಜಾತಿಯ ಸೊಳ್ಳೆಯ ಜಠರಭಿತ್ತಿಯಲ್ಲಿ ಕಪ್ಪುಕಣಗಳುಳ್ಳ ಕೋಶಗಳು ಕಂಡದ್ದು ಪ್ರಾಪ್ತ್ಯಾಶೆ. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಹಿಡಿದು ಆ ಕೋಶಗಳ ಬೆಳವಣಿಗೆಯನ್ನು ಹಿಂಬಾಲಿಸಿದ್ದು ನಿಯತಾಪ್ತಿ. ಕೊನೆಗೆ ರೋಗಾಣುವು ಸೊಳ್ಳೆಯ ಲಾಲಾಗ್ರಂಥಿಯಲ್ಲಿ ದೊರೆತದ್ದು ಫಲಾಗಮ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಫಲಾಗಮವೊಂದನ್ನೇ ಹೇಳಿ ಮುಗಿಸುತ್ತವೆ. ಯತ್ನವನ್ನು ಬಿಟ್ಟರೆ ನಷ್ಟವೇನೆಂದು ಕೇಳಬಹುದು. ಬೂದು ಸೊಳ್ಳೆಗಳಲ್ಲಿ ಏನೂ ಕಾಣದೆ ಹೋದದ್ದು ಕೇವಲ ದುರದೃಷ್ಟವಲ್ಲ. ಎಲ್ಲ ಸೊಳ್ಳೆಗಳೂ ಮನುಷ್ಯನ ಮಲೇರಿಯವನ್ನು ಹೊರುವುದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದವರಿಗೆ ರೋಗ ಬರುವುದೆಂದು ಮ್ಯಾನ್ಸನ್ ಊಹಿಸಿದ್ದನು. ಕಡಿತದಿಂದ ಬರುವುದೆಂದು ಲಾಲಾಗ್ರಂಥಿಯು ತೋರಿಸಿತು. ತಪ್ಪಿದ ಊಹೆಯನ್ನು ಮುಚ್ಚಿಟ್ಟರೆ ಸರಿಯಾದ ಸಿದ್ಧಾಂತವನ್ನು ಏಕೆ ನಂಬಬೇಕೆಂಬುದೂ ಮುಚ್ಚಿಹೋಗುವುದು. ಶಾಸ್ತ್ರಲೇಖಗಳ ರೂಢಿಯ ಆಕಾರವು ಚಿಂತನೆಯ ನಿಜವಾದ ದಾರಿಯನ್ನು ಮರೆಮಾಡುತ್ತದೆಂದು ಪೀಟರ್ ಮೆಡವಾರ್ ಎಂಬ ಜೀವವಿಜ್ಞಾನಿಯು 1963ರಲ್ಲಿ ಆಕ್ಷೇಪಿಸಿದ್ದು ಈ ಕಾರಣದಿಂದಲೇ. ಪೂರ್ವಪಕ್ಷವಿಲ್ಲದ ಸಿದ್ಧಾಂತವು ಆಜ್ಞೆಯಾದೀತೇ ಹೊರತು ಜ್ಞಾನವಾಗಲಾರದು.

ಕನ್ನಡದಲ್ಲಿ ಈ ಮಾರ್ಗಕ್ಕೆ ಪ್ರಶಸ್ತವಾದ ಉದಾಹರಣೆಯು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1976ರಲ್ಲಿ ಪ್ರಕಟವಾದ ಈ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಲಭಿಸಿತು. ಸಸ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಕಾಡು ಸುತ್ತುವುದೇ ಇದರ ಇತಿವೃತ್ತ. ಸಸ್ಯಕೋಶಗಳು ಗಿಡಗಳನ್ನು ಕುಟುಂಬಕ್ರಮದಿಂದ ಪಟ್ಟಿಮಾಡುತ್ತವೆ. ಇಲ್ಲಿ ಗಿಡಗಳು ದಾರಿಯ ಕ್ರಮದಿಂದ ಎದುರಾಗುತ್ತವೆ. ಕಾಡಿನಲ್ಲಿ ಗಿಡಗಳು ಇರುವುದು ಹಾಗೆಯೇ ಅಲ್ಲವೆ? ಯಾವುದರ ನೆರಳಿನಲ್ಲಿ ಯಾವುದು ಬೆಳೆಯುವುದು, ಯಾವುದನ್ನು ಯಾವುದು ತಬ್ಬಿಕೊಂಡಿರುವುದು ಎಂಬುದನ್ನು ಪಟ್ಟಿಯು ಹೇಳಲಾರದು, ನಡಿಗೆಯು ಹೇಳಬಲ್ಲದು. ಗ್ರಂಥಕರ್ತರೇ ಬರೆದ ರೇಖಾಚಿತ್ರಗಳು ಕಥೆಯ ಓಟದಲ್ಲಿ ಎಲೆಯ ಆಕಾರವು ಮರೆಯದಂತೆ ಕಾಯುತ್ತವೆ. ಆದರೆ ಈ ಸಮತೋಲನವು ಎಲ್ಲೆಡೆಯೂ ಇದೆಯೆಂದು ಹೇಳಲಾಗದು. ತಂಡದವರ ಚೇಷ್ಟೆ ಪರಿಹಾಸಗಳು ಲಂಬಿಸುವೆಡೆಯಲ್ಲಿ ಗಿಡವು ನೆಪಮಾತ್ರವಾಗುವುದುಂಟು. ಅಲ್ಲಿ ವಾಚಕನು ನಕ್ಕು ಪುಟವನ್ನು ತಿರುವುತ್ತಾನೆ. ಗಿಡದ ಹೆಸರು ಹಿಂದಿನ ಪುಟದಲ್ಲಿಯೇ ಉಳಿಯುತ್ತದೆ. ನಗುವಿನಲ್ಲಿ ದೋಷವಿಲ್ಲ, ಅದರ ಅಳತೆಯಲ್ಲಿದೆ. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಹೇಳಿದ್ದು ಶಾಸ್ತ್ರಕಥೆಗೂ ಅನ್ವಯಿಸುವುದು.

ಆದುದರಿಂದ ವಿಜ್ಞಾನವನ್ನು ಬರೆಯುವವರು ತಮ್ಮ ಕಥೆಯನ್ನು ಒರೆಹಚ್ಚಲು ಒಂದು ಸುಲಭವಾದ ಉಪಾಯವುಂಟು. ಕಥೆಯ ಭಾಗವನ್ನು ಬೆರಳಿನಿಂದ ಮುಚ್ಚಿ ಮಿಕ್ಕುದನ್ನು ಓದತಕ್ಕದ್ದು. ಶಾಸ್ತ್ರವು ಕುಂದಿಲ್ಲದೆ ನಿಂತರೆ ಆ ಕಥೆಯು ಫೈಜಿಯ ಮುತ್ತು. ಅಂದವಾಗಿದ್ದರೂ ಗಳಿಗೆಬಟ್ಟಲಿನ ರಂಧ್ರವನ್ನು ಮುಚ್ಚಿ ಕಾಲವನ್ನು ಕಳೆಯುವುದು. ಶಾಸ್ತ್ರವೇ ಕುಸಿದುಬಿದ್ದರೆ ಅದು ಭಾಸ್ಕರರ ನವಿಲು. ಮನೆಮನೆಯ ಮಕ್ಕಳು ಇಂಥ ಗ್ರಂಥಗಳಿಂದಲೇ ವಿಚಾರಮಾಡುವುದನ್ನು ಕಲಿಯಬೇಕಾಗಿದೆ. ರೋಗ, ಮಳೆ, ನೀರು, ಆಹಾರ ಮೊದಲಾದ ನಿತ್ಯವ್ಯವಹಾರಗಳಲ್ಲಿ ಸುಳ್ಳುಕಥೆಗಳು ಗಾಳಿಗಿಂತ ವೇಗವಾಗಿ ಹರಡುತ್ತಿರುವ ಈ ದಿನಗಳಲ್ಲಿ, ಪ್ರಮಾಣವನ್ನು ಒಡಲಲ್ಲಿಟ್ಟುಕೊಂಡ ಕಥೆಯನ್ನು ಬರೆಯಬಲ್ಲವರು ಹೆಚ್ಚಿದಷ್ಟೂ ಕನ್ನಡಕ್ಕೆ ಶ್ರೇಯಸ್ಸು.