ತಿಲತಂಡುಲವೋ, ಕ್ಷೀರನೀರವೋ?

ಎರಡು ಸಂಗೀತಪದ್ಧತಿಗಳು ಒಂದೇ ವೇದಿಕೆಯಲ್ಲಿ ಕೂಡಿದಾಗ ಅದನ್ನು ಸಂಗಮವೆಂದು ಕೊಂಡಾಡಬೇಕೋ, ಕುಲಗೇಡೆಂದು ನಿಂದಿಸಬೇಕೋ ಎಂಬುದು ನಮ್ಮ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆ. ತಬಲಾವಾದಕರಾದ ಜಾಕಿರ್ ಹುಸೇನರು (1951–2024) 'ಶಕ್ತಿ' ಮೇಳದಲ್ಲಿ ವಿಕ್ಕು ವಿನಾಯಕರಾಮರ ಘಟದೊಡನೆಯೂ ಜಾನ್ ಮೆಕ್‌ಲಾಫ್ಲಿನ್ನರ ಗಿಟಾರಿನೊಡನೆಯೂ ಸಾಧಿಸಿದುದನ್ನು ಲೋಕವೇ ಬಲ್ಲುದು. ಅದೇ ದಾರಿಯಲ್ಲಿ ನಡೆದ ಬೆಂಗಳೂರಿನ ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಅವರು 2020ರಲ್ಲಿ ಗತಿಸಿದರು. ಈಗಲಾದರೂ ಅವರ ಕೃಷಿಯನ್ನು ಯಥಾಮತಿ ತೂಗಿ ನೋಡುವುದು ಉಚಿತವೆಂದು ತೋರುತ್ತದೆ.

ಆಲಂಕಾರಿಕರು ಅಲಂಕಾರಗಳ ಮಿಶ್ರಣವನ್ನು ಎರಡು ವಿಧವಾಗಿ ಹೇಳುತ್ತಾರೆ. ಎಳ್ಳೂ ಅಕ್ಕಿಯೂ ಬೆರೆತಂತೆ ಒಂದೊಂದೂ ಬೇರೆಯಾಗಿ ಕಾಣುವುದು ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ಬಿಡಿಸಲಾಗದಿರುವುದು ಸಂಕರ. ಶಾಸ್ತ್ರದಲ್ಲಿ ಸಂಕರವೆಂಬುದು ನಿಂದೆಯ ಮಾತಲ್ಲ. ಪರದೇಶದ ಪಿಟೀಲು ಇಂದು ನಮ್ಮದೇ ಆಗಿದೆ. ಕದ್ರಿ ಗೋಪಾಲನಾಥರ ಕೈಯಲ್ಲಿ ಸಾಕ್ಸೊಫೋನು ನಮ್ಮ ರಾಗಗಳನ್ನು ಗಮಕಸಹಿತವಾಗಿ ನುಡಿಯಿತು. ಇವು ಹಾಲುನೀರಿನ ಮಿಶ್ರಣಗಳು.

ಮಣಿಯವರದು ಬೇರೆ ಬಗೆ. ಕಛೇರಿಯಲ್ಲಿ ಪಕ್ಕವಾದ್ಯಗಳೆನಿಸಿದ ಮೃದಂಗ, ಘಟ, ಖಂಜರಿ, ಮೋರ್ಸಿಂಗುಗಳಿಗೆ ಸ್ವತಂತ್ರವಾದ ಗೌರವವನ್ನು ದೊರಕಿಸಬೇಕೆಂದು ಅವರು 1964ರಲ್ಲಿ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಎಂಬ ವಿದ್ಯಾಲಯವನ್ನು ಸ್ಥಾಪಿಸಿದರು. ಅವರ ಪತ್ನಿ, ಗಾಯಕಿ ಆರ್. ಎ. ರಾಮಮಣಿಯವರೂ ಈ ಮೇಳದ ಜೀವವಾದರು. ಅಮೆರಿಕದ ಚಾರ್ಲಿ ಮರಿಯಾನೋ ಎಂಬ ಜಾಸ್ ವಾದಕರೊಡನೆ 1983ರಲ್ಲಿ ಇವರು ಜರ್ಮನಿಯಲ್ಲಿ ಮುದ್ರಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ವಿಮರ್ಶಾರ್ಹವಾದುದು.

ಅದರ ಗುಣವನ್ನು ಮೊದಲು ಹೇಳುವೆನು. ಅತಿಥಿಗೆ ಸುಲಭವಾಗಲೆಂದು ಇಲ್ಲಿ ತಾಳವನ್ನು ಸಡಿಲಿಸಿಲ್ಲ. ಕೊನ್ನಕ್ಕೋಲಿನ ಸೊಲ್ಲುಗಳನ್ನು ಮರೆಮಾಡಿಲ್ಲ. ನಾಗಸ್ವರವನ್ನು ಅಭ್ಯಾಸಮಾಡಿದ್ದ ಮರಿಯಾನೋ ಅವರೂ ನಮ್ಮ ವೇಷವನ್ನು ಹಾಕದೆ ತಮ್ಮ ನಾದದಲ್ಲಿಯೇ ನುಡಿಯುತ್ತಾರೆ. ಎಳ್ಳು ಎಳ್ಳಾಗಿಯೂ ಅಕ್ಕಿ ಅಕ್ಕಿಯಾಗಿಯೂ ಉಳಿದಿವೆ.

ದೋಷವನ್ನೂ ಮುಚ್ಚತಕ್ಕದ್ದಲ್ಲ. ಪಾಶ್ಚಾತ್ಯರ ಮುಖ್ಯ ಸಂಪತ್ತು ಹಲವು ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸಿ, ಆ ಹೊಂದಿಕೆಯನ್ನು ಕ್ಷಣಕ್ಷಣಕ್ಕೂ ಚಲಿಸುವಂತೆ ಮಾಡುವುದು. ತಂಬೂರಿಯ ಆಧಾರಷಡ್ಜವು ಅಚಲವಾಗಿ ನಿಂತಿರುವಲ್ಲಿ ಅದಕ್ಕೆ ಎಡೆಯೆಲ್ಲಿಯದು? ಅತಿಥಿಯು ತನ್ನ ಗಂಟನ್ನು ಜಗಲಿಯಲ್ಲಿಯೇ ಇಳಿಸಿ ಒಳಗೆ ಬಂದಂತಾಗಿದೆ. ಲಯದಲ್ಲಿ ನಾವು ಕೊಟ್ಟೆವು. ಸ್ವರದಲ್ಲಿ ಅವರಿಂದ ಪಡೆದುದು ಸ್ವಲ್ಪ. ಆದರೂ ಇದು ಅಜ್ಞಾನದ ದೋಷವಲ್ಲ, ನಿಷ್ಠೆಯ ಮಿತಿ; ಸ್ವಂತ ವಿದ್ಯೆಯನ್ನು ಕಳೆದುಕೊಂಡು ಪಡೆದ ವಿಸ್ತಾರಕ್ಕಿಂತ ಈ ಮಿತಿಯೇ ಲೇಸು.

ಇಂದಿನ ಬಾಲಕರು ಮೊಬೈಲಿನಲ್ಲಿ ಹತ್ತು ದೇಶಗಳ ವಾದ್ಯಗಳನ್ನು ಕೇಳಿ, ಆರು ತಿಂಗಳ ಪಾಠಕ್ಕೇ ಮಿಶ್ರಣಕ್ಕೆ ತೊಡಗುತ್ತಾರೆ. ಅವರನ್ನು ತಡೆಯಬೇಕೆಂದು ನಾನು ಹೇಳೆನು. ಮಣಿಯವರ ದಾರಿಯನ್ನು ತೋರಿಸಬೇಕೆಂದಷ್ಟೇ ಹೇಳುವೆನು. ನಮ್ಮ ಸಖರಾಯಪಟ್ಟಣದ ಅಯ್ಯನಕೆರೆಗೆ ಗಿರಿಯ ನೀರು ಎತ್ತೆತ್ತಲಿಂದಲೋ ಹರಿದು ಬರುತ್ತದೆ. ಯಾವ ಹಳ್ಳದ್ದೆಂದು ಯಾರೂ ಕೇಳುವುದಿಲ್ಲ. ಏರಿ ಭದ್ರವಾಗಿದೆಯೇ ಎಂದು ಮಾತ್ರ ಪ್ರತಿ ಮಳೆಗಾಲದಲ್ಲಿಯೂ ನೋಡಿಕೊಳ್ಳಬೇಕು.