ಪುಣ್ಯಕೋಟಿಯ ಮಾತು, ಬಿಳಾಮನ ಕತ್ತೆಯ ಮೌನ



ಪ್ರಾಣಿಗಳು ಮಾತನಾಡುವ ಎರಡು ಕಥನಗಳು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನೆಲೆಸಿವೆ. ಒಂದು, ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಜನಪದರ 'ಗೋವಿನ ಹಾಡು'. ಇನ್ನೊಂದು, ಪವಿತ್ರ ಬೈಬಲಿನ ಸಂಖ್ಯಾಕಾಂಡದ 22ನೇ ಅಧ್ಯಾಯದಲ್ಲಿ ಬರುವ ಬಿಳಾಮನ ಕತ್ತೆಯ ಪ್ರಸಂಗ. ಮನುಷ್ಯನ ಭಾಷೆಗೆ ಆಧಾರವಾದ ಬುದ್ಧಿಶಕ್ತಿ ಪ್ರಾಣಿಗಳಲ್ಲಿಯೂ ಇದೆಯೇ ಎಂಬುದು ವಿದ್ವಾಂಸರ ನಡುವೆ ಇಂದಿಗೂ ಬಗೆಹರಿಯದ ಪ್ರಶ್ನೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇವೆರಡನ್ನೂ ಜೊತೆಯಾಗಿ ಓದಿದರೆ, ಒಂದು ಇನ್ನೊಂದರ ಕೊರತೆಯನ್ನು ತುಂಬುವುದನ್ನು ಕಾಣುತ್ತೇವೆ.

'ಗೋವಿನ ಹಾಡಿ'ನ ಶಕ್ತಿ ಎಲ್ಲಿದೆ? ಹಸು ಮಾತನಾಡಿತು ಎಂಬುದರಲ್ಲಲ್ಲ; ಅದು ಮಾತು ಕೊಟ್ಟಿತು ಎಂಬುದರಲ್ಲಿ. ಹಸಿದ ಅರ್ಬುತನ ಎದುರು ನಿಂತು ಪುಣ್ಯಕೋಟಿ ಕಣ್ಣೆದುರಿಗಿಲ್ಲದ ಕರುವಿನ ವಿಷಯವನ್ನು ಹೇಳುತ್ತದೆ, ಇನ್ನೂ ನಡೆಯದ ಮರಳುವಿಕೆಯ ವಿಷಯವನ್ನು ಹೇಳುತ್ತದೆ, ಆ ಮಾತಿಗೆ ತನ್ನ ಪ್ರಾಣವನ್ನೇ ಒತ್ತೆಯಿಡುತ್ತದೆ. ಇಲ್ಲದ್ದನ್ನು ಹೇಳುವುದು, ಬರಲಿರುವುದಕ್ಕೆ ತನ್ನನ್ನು ಕಟ್ಟಿಕೊಳ್ಳುವುದು: ಭಾಷೆಯ ತಿರುಳನ್ನು ಜನಪದ ಕವಿ ಸರಿಯಾಗಿಯೇ ಹಿಡಿದಿದ್ದಾನೆ. ಆದರೆ ಈ ಹಾಡಿನಲ್ಲಿ ಹಸುವಾಗಲಿ ಹುಲಿಯಾಗಲಿ ತಮ್ಮ ಸ್ವಂತ ದನಿಯಲ್ಲಿ ನುಡಿಯುವುದು ಕಡಿಮೆ. ಅವು ಪ್ರಾಣಿಯ ವೇಷ ತೊಟ್ಟ ಮನುಷ್ಯರು. ನೀತಿಬೋಧೆಗೆ ಇದು ಸಾಕು; ಪ್ರಾಣಿಯನ್ನು ಅರಿಯಲು ಸಾಲದು.

ನಿಜವಾದ ಪ್ರಾಣಿ ಏನು ಮಾಡಬಲ್ಲದು? ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಅವರ ಸಂಗಡಿಗರು ಬಂಡೀಪುರದ ಮಂಗಗಳ ಕುರಿತು 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿನ ಮಂಗಗಳು ತಿನಿಸು ಹಿಡಿದ ಪ್ರವಾಸಿಗರ ಕಡೆಗೆ ತಿರುಗಿ, ಮೆಲುದನಿಯಲ್ಲಿ ಕೂಗಿ, ಕೈ ಚಾಚಿ ಬೇಡುತ್ತವೆ. ಇದು ಬರಿಯ ಹಸಿವಿನ ಕೂಗಲ್ಲ, ಎದುರಿನವನ ಗಮನವನ್ನು ಸೆಳೆದು ತನ್ನ ಇಷ್ಟವನ್ನು ತಿಳಿಸುವ ಉದ್ದೇಶಪೂರ್ವಕ ಸಂವಹನ ಎಂಬುದು ಅವರ ವಾದ. ನಮ್ಮ ತೆಂಗಿನ ತೋಟಗಳಿಗೆ ನುಗ್ಗಿ ನಮ್ಮಿಂದ ಬೈಗುಳ ತಿನ್ನುವುದೂ ಇದೇ ಜಾತಿಯ ಮಂಗ ಎಂಬುದನ್ನು ಮರೆಯಬಾರದು.

ಆದರೂ ಅದು ಕಣ್ಣೆದುರಿನ ತಿನಿಸಿನ ಬೇಡಿಕೆ, ಕೊಟ್ಟ ಮಾತಲ್ಲ. 2002ರಲ್ಲಿ ಹೌಸರ್, ಚಾಮ್‌ಸ್ಕಿ ಮತ್ತು ಫಿಚ್ ಎಂಬ ಮೂವರು ವಿದ್ವಾಂಸರು, ಭಾಷೆಗೆ ಬೇಕಾದ ಬಹಳಷ್ಟು ಶಕ್ತಿಗಳು ಪ್ರಾಣಿಗಳಲ್ಲಿಯೂ ಇವೆ, ವಾಕ್ಯದೊಳಗೆ ವಾಕ್ಯವನ್ನು ಹೆಣೆಯುತ್ತ ಹೋಗುವ ಶಕ್ತಿಯೊಂದು ಮಾತ್ರ ಮನುಷ್ಯನದೇ ಇರಬಹುದು ಎಂದು ಬರೆದರು. 'ಅಮ್ಮ ಬರುತ್ತಾಳೆಂದು ಅಣ್ಣ ಹೇಳಿದನೆಂದು ತಂಗಿ ನಂಬಿದಳು' ಎಂದು ನಮ್ಮ ಪುಟ್ಟ ಮಕ್ಕಳೂ ಸಲೀಸಾಗಿ ಹೇಳುವರಲ್ಲವೇ? ಈ ಗೆರೆ ಎಳೆದದ್ದು ಸರಿಯೇ ಎಂಬ ವಾದ ಮುಂದುವರಿದಿದೆ. ಆದರೆ ಗೆರೆಯ ಆಚೆ ಬರಿದಾದ ಕತ್ತಲೆ ಇಲ್ಲ ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಬಿಳಾಮನ ಕತ್ತೆಯ ಬಳಿಗೆ ಬರೋಣ. ಕತ್ತೆ ಮಾತನಾಡಿದ ಅದ್ಭುತವನ್ನಷ್ಟೇ ನಾವು ನೆನಪಿಟ್ಟಿದ್ದೇವೆ. ಪವಿತ್ರ ಗ್ರಂಥದ ಕಥನಕ್ರಮವನ್ನು ಗಮನಿಸಿರಿ: ಬಿಚ್ಚುಗತ್ತಿ ಹಿಡಿದ ದೇವದೂತನನ್ನು ಮೊದಲು ಕಂಡದ್ದು ಕತ್ತೆ. ಅದು ದಾರಿ ಬಿಟ್ಟು ಹೊಲಕ್ಕೆ ಇಳಿಯಿತು; ಮುಂದೆ ಗೋಡೆಗೆ ಒತ್ತಿಕೊಂಡಿತು; ಕೊನೆಗೆ ನೆಲಕ್ಕೆ ಕುಸಿಯಿತು. ಬಾಯಿ ತೆರೆಯುವ ಮುನ್ನವೇ ಅದು ಮೂರು ಸಲ ಹೇಳಿಯಾಗಿತ್ತು. ಮೂರು ಸಲವೂ ಪೆಟ್ಟು ತಿಂದಿತ್ತು. ಶಪಿಸುವುದು, ಆಶೀರ್ವದಿಸುವುದು ಬಿಳಾಮನ ಕಸುಬು; ಮಾತೇ ಅವನ ಬಂಡವಾಳ. ಅಂಥವನಿಗೇ ಮಾತಿಲ್ಲದ ಅರಿವು ಕಾಣಲಿಲ್ಲ. ಪ್ರಭು ಕತ್ತೆಯ ಬಾಯನ್ನು ತೆರೆದರು. ಆಮೇಲೆ ಬಿಳಾಮನ ಕಣ್ಣನ್ನು ತೆರೆದರು. ಈ ಎರಡನೆಯದೇ ಕಥೆಯ ಗುರಿ ಎಂದು ನನ್ನ ಓದು. 'ಗೋವಿನ ಹಾಡು' ಬಿಟ್ಟುಹೋದ ಜಾಗವನ್ನು ಈ ಪ್ರಸಂಗ ತುಂಬುತ್ತದೆ: ಮಾತಿಲ್ಲದ ಜೀವಕ್ಕೂ ತಿಳಿವಿದೆ, ಅದನ್ನು ಕೇಳುವ ಹೊಣೆ ಮಾತುಳ್ಳವನದು.

ಇದು ಪ್ರಾಣಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಿಳಿಯಬೇಡಿರಿ. ಅಂಕೋಲೆಯ ಬೆಳಂಬಾರಕ್ಕೆ ಹಾಲಕ್ಕಿ ಒಕ್ಕಲಿಗರ ನಾಟಿ ಔಷಧಿಯನ್ನು ಅರಸಿ ಪಾರ್ಶ್ವವಾಯು ಪೀಡಿತರು ದೂರದೂರದಿಂದ ಬರುವುದನ್ನು ಬಲ್ಲಿರಿ. ಪಾರ್ಶ್ವವಾಯು ಎಷ್ಟೋ ಜನರ ಕೈಕಾಲಿನೊಂದಿಗೆ ಮಾತನ್ನೂ ಕಸಿದುಕೊಳ್ಳುತ್ತದೆ. ಮೆದುಳಿನ ಎಡಭಾಗದ ಒಂದು ಎಡೆಗೆ ಧಕ್ಕೆಯಾದರೆ ನುಡಿ ನಿಲ್ಲುತ್ತದೆಂದು ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿಯೇ ತೋರಿಸಿದ್ದರು. ನುಡಿ ನಿಂತರೂ ಮನೆಯವರ ಗುರುತು, ಪ್ರೀತಿ, ಅಳಲು, ಪ್ರಾರ್ಥನೆ ಒಳಗೆ ಉಳಿದಿರಬಲ್ಲವು. ಭಾಷೆಯೊಂದೇ ಮನುಷ್ಯತ್ವದ ಅಳತೆಗೋಲು ಎಂದಾದರೆ, ಮೂಲೆಯ ಮಂಚದಲ್ಲಿ ಕಣ್ಣಲ್ಲೇ ಕರೆಯುವ ಅಜ್ಜನನ್ನು, ಇನ್ನೂ ಮಾತು ಬಾರದ ಮಗುವನ್ನು ಎಲ್ಲಿ ಇಡುವಿರಿ?

ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಬಳಿಗೆ ತಂದರು. ಹೆಸರಿಡುವ ಕೆಲಸವನ್ನು ಅವನಿಗೆ ಬಿಟ್ಟರು. ನಾಲಿಗೆ ನಮಗೆ ದೊರೆತ ವರ. ಆದರೆ ಒಂದು ಜೀವಿಗೆ ತಕ್ಕ ಹೆಸರಿಡಬೇಕಾದರೆ ಮೊದಲು ಅದನ್ನು ನಿಂತು ನೋಡಬೇಕು. ಪುಣ್ಯಕೋಟಿಯಿಂದ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕಲಿಯೋಣ; ಬಿಳಾಮನ ಕತ್ತೆಯಿಂದ, ಕೋಲನ್ನು ಎತ್ತುವ ಮೊದಲು ಕಣ್ಣನ್ನು ತೆರೆಯಲು ಕಲಿಯೋಣ.